ಮಸ್ಟಾಂಗ್‌ಗೆ ಕಪ್ಪು ನಂಬರ್ ಪ್ಲೇಟು ಹಾಕುವ ಮುಂಚೆ

ಪ್ರಶ್ನೆ: ನಾನು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿದ್ದೇನೆ. ಈಚೆಗೆ 1966ರ ಫೋರ್ಡ್ ಮಸ್ಟಾಂಗ್ ಒಂದನ್ನು ಕೊಂಡೆ. ಅದಕ್ಕೆ ಈಗಿರುವುದು ಹೊಸ ಕಾಲದ ಬಿಳಿ ನಂಬರ್ ಪ್ಲೇಟು, ಕಾರಿಗೆ ಒಪ್ಪುತ್ತಿಲ್ಲ. ಹಳೇ ಸಾಮಾನು ಮಾರುವ ಒಬ್ಬರ ಹತ್ತಿರ ಕಪ್ಪು ನೆಲದ ಮೇಲೆ ಹಳದಿ ಅಕ್ಷರವಿರುವ ಅರವತ್ತರ ದಶಕದ ಜೋಡಿ ಪ್ಲೇಟು ನೋಡಿದ್ದೇನೆ. ಕೊಂಡು ಹಾಕಿಕೊಳ್ಳಬಹುದೇ? ಪೆನ್ಸಿಲ್ವೇನಿಯಾದಲ್ಲಿರುವ ಗೆಳೆಯ, ‘ಹಳೇ ಪ್ಲೇಟು ಹಾಕಿದರೆ ವಾರಕ್ಕೊಂದೇ ದಿನ ಓಡಿಸಬೇಕು’ ಎಂದು ಹೆದರಿಸುತ್ತಾನೆ. ಮುಂದೆ ಕೆಲಸದ ಮೇಲೆ ಟೆಕ್ಸಸ್‌ಗೆ ಹೋಗಬೇಕಾಗಬಹುದು, ಆಗ ಏನು ಮಾಡಲಿ? ಇನ್ನೊಂದು ವಿಷಯ: ಮೈಸೂರಿನ ಮನೆಯಲ್ಲಿ ತಾತನ 1962ರ ಫಿಯಟ್ 1100 ನಿಂತಿದೆ. ಅದನ್ನು ವಿಂಟೇಜ್ ಎಂದು ನೋಂದಾಯಿಸಿದರೆ ಅದರ ‘ಎಂವೈ’ ನಂಬರ್ ಉಳಿಯುತ್ತದೆಯೇ?

ಉತ್ತರ: ಹಾಕಬಹುದು. 1966ರ ಮಸ್ಟಾಂಗ್‌ಗೆ ನೀವು ಹೇಳಿದ ಕಪ್ಪು ಪ್ಲೇಟು ಕ್ಯಾಲಿಫೋರ್ನಿಯಾದಲ್ಲಿ ಕಾನೂನಿಗೆ ಸರಿಯಾಗಿ ಒಪ್ಪುವ ಜೋಡಿ. ಆದರೆ ದುಡ್ಡು ಕೊಡುವ ಮುಂಚೆ ಮಾಡಬೇಕಾದ ಒಂದು ಕೆಲಸವಿದೆ, ಸ್ಕ್ರೂ ತಿರುಗಿಸುವ ಮುಂಚೆ ಮಾಡಬೇಕಾದ್ದು ಇನ್ನೊಂದಿದೆ. ಅದಕ್ಕೆ ಬರುತ್ತೇನೆ.

ನಿಮ್ಮ ಗೆಳೆಯ ಸುಳ್ಳು ಹೇಳುತ್ತಿಲ್ಲ. ಅವರು ತಮ್ಮ ರಾಜ್ಯದ ಮಾತು ಆಡುತ್ತಿದ್ದಾರೆ, ಅದೂ ತಮ್ಮ ಕಾರು ನೋಂದಣಿಯಾಗಿರುವ ವರ್ಗದ ಮಾತು. ಅಮೆರಿಕದಲ್ಲಿ ಕಾರು ನೋಂದಾಯಿಸುವುದು ಕೇಂದ್ರ ಸರ್ಕಾರದ ಕೆಲಸವಲ್ಲ. ಐವತ್ತು ರಾಜ್ಯಗಳಿಗೆ ಐವತ್ತು ಕಾನೂನು, ಹಳೇ ಪ್ಲೇಟಿನ ವಿಚಾರದಲ್ಲಿ ಎಲ್ಲರನ್ನೂ ಕಟ್ಟಿಹಾಕುವ ಒಂದು ರಾಷ್ಟ್ರೀಯ ನಿಯಮ ಇಲ್ಲ. ಜೊತೆಗೆ, ಜನ ಎರಡು ಬೇರೆ ವಿಷಯಗಳನ್ನು ಬೆರೆಸಿಬಿಡುತ್ತಾರೆ. ತಗಡಿನ ಪ್ಲೇಟು ಒಂದು, ಕಾರು ಯಾವ ವರ್ಗದಲ್ಲಿ ನೋಂದಣಿಯಾಗಿದೆ ಎನ್ನುವುದು ಇನ್ನೊಂದು. ಎಷ್ಟು ದಿನ ಓಡಿಸಬಹುದು, ಎಲ್ಲಿಗೆ ಹೋಗಬಹುದು, ಆಫೀಸಿಗೆ ಒಯ್ಯಬಹುದೇ ಎಂಬುದನ್ನೆಲ್ಲ ತೀರ್ಮಾನಿಸುವುದು ಆ ವರ್ಗ. ಪ್ಲೇಟು ಬರೀ ವೇಷ. ಹಾಗಾಗಿ ಯಾರಾದರೂ ನನ್ನನ್ನು ಕೇಳಿದರೆ ಪ್ಲೇಟಿನ ಬಣ್ಣದ ಮಾತು ಆಮೇಲೆ, ಮೊದಲು ಕಾರನ್ನು ಎಷ್ಟು ಓಡಿಸಬೇಕೆಂದಿದ್ದೀರಿ ಹೇಳಿ ಎನ್ನುತ್ತೇನೆ.

ಕ್ಯಾಲಿಫೋರ್ನಿಯಾದ ಮಟ್ಟಿಗೆ ನೀವು ಅದೃಷ್ಟವಂತರು. ಅಲ್ಲಿಯ ಡಿಎಂವಿಯ (ಗಾಡಿ ನೋಂದಾಯಿಸುವ ಇಲಾಖೆ, ನಮ್ಮ ಆರ್‌ಟಿಒ ಇದ್ದಂತೆ) ‘ಇಯರ್ ಆಫ್ ಮ್ಯಾನುಫ್ಯಾಕ್ಚರ್’, ಅಂದರೆ ತಯಾರಾದ ವರ್ಷ ಎಂಬ ಯೋಜನೆಯನ್ನು ಕಾರು ಹುಚ್ಚಿನವರು ವೈಒಎಂ ಎಂದೇ ಕರೆಯುತ್ತಾರೆ. 1980 ಅಥವಾ ಅದಕ್ಕೂ ಹಿಂದಿನ ಮಾಡೆಲ್ ಇಯರ್‌ನ ಗಾಡಿಗೆ, ಆ ಕಾಲದಲ್ಲಿ ಕ್ಯಾಲಿಫೋರ್ನಿಯಾ ರಾಜ್ಯವೇ ಕೊಟ್ಟಿದ್ದ ಅಸಲಿ ಪ್ಲೇಟು ಹಾಕಿಕೊಳ್ಳಲು ಇದು ಅವಕಾಶ ಕೊಡುತ್ತದೆ. 1963ರಿಂದ 1969ರವರೆಗಿನ ಪ್ರಯಾಣಿಕ ಕಾರುಗಳಿಗೆ 1963ರಲ್ಲಿ ಶುರುವಾದ ಕಪ್ಪು-ಹಳದಿ ಸರಣಿ. 1970ರಿಂದ 1980ರವರೆಗಿನವಕ್ಕೆ ನೀಲಿ ನೆಲದ ಮೇಲೆ ಹಳದಿ ಅಕ್ಷರದ ಸರಣಿ. ನಿಮ್ಮ ಕಾರು 1972ರದ್ದಾಗಿದ್ದರೆ ಕಪ್ಪು ಪ್ಲೇಟು ಎಷ್ಟೇ ಚೆಂದ ಕಂಡರೂ ಸಿಗುತ್ತಿರಲಿಲ್ಲ. ಪಿಕಪ್ ಟ್ರಕ್ಕುಗಳಿಗೆ ಈ ಗಡಿ ಸ್ವಲ್ಪ ಬೇರೆ, ಅವಕ್ಕೆ 1972ರವರೆಗೂ ಕಪ್ಪೇ.

1962 ಮತ್ತು ಅದಕ್ಕೂ ಹಿಂದಿನ ಕಾರುಗಳ ಕಥೆ ಇದಕ್ಕಿಂತ ಕಷ್ಟ. ಅಲ್ಲಿ ಪ್ಲೇಟಿನ ಮೇಲಿನ ವರ್ಷ ಕಾರಿನ ವರ್ಷಕ್ಕೆ ತಾಳೆಯಾಗಬೇಕು. ಕ್ಯಾಲಿಫೋರ್ನಿಯಾ 1951ರಲ್ಲಿ ಒಂದು ಪ್ಲೇಟು ಕೊಟ್ಟು ಮುಂದಿನ ವರ್ಷಗಳಿಗೆ ಮೂಲೆಗೆ ಸಿಕ್ಕಿಸುವ ಪುಟ್ಟ ಲೋಹದ ಚೀಟಿ ಕೊಡುತ್ತಿತ್ತು. 1956ರಲ್ಲಿ ಹಳದಿ ನೆಲದ ಮೇಲೆ ಕಪ್ಪು ಅಕ್ಷರದ ಹೊಸ ಪ್ಲೇಟು ಬಂತು, ಆಮೇಲಿನ ವರ್ಷಗಳಿಗೆ ಅಂಟಿಸುವ ಸ್ಟಿಕ್ಕರ್. ಅಂದರೆ 1960ರ ಶೆವರ್ಲೆ ಇಟ್ಟುಕೊಂಡವರು 1956ರ ಪ್ಲೇಟನ್ನೂ ಹುಡುಕಬೇಕು, 1960ರ ಸ್ಟಿಕ್ಕರನ್ನೂ ಹುಡುಕಬೇಕು. ಅರವತ್ತು ವರ್ಷದ ಹಿಂದಿನ ಬೆರಳುಗುರಿನಷ್ಟು ಕಾಗದ ಪ್ಲೇಟಿಗಿಂತ ಹೆಚ್ಚು ಬೆಲೆಗೆ ಹೋಗುವುದು ಈ ಕಾರಣಕ್ಕೆ. ಇನ್ನೂ ಹಿಂದಕ್ಕೆ ಹೋದರೆ 1914ರ ಪಿಂಗಾಣಿ ಲೇಪದ ತಗಡು ಸಿಗುತ್ತದೆ, ಆ ರಾಜ್ಯ ತಾನೇ ಮಾಡಿಸಿ ಕೊಟ್ಟ ಮೊದಲ ಪ್ಲೇಟು ಅದು. ಅದಕ್ಕೂ ಮುಂಚೆ ಸರ್ಕಾರ ನಂಬರ್ ಮಾತ್ರ ಕೊಡುತ್ತಿತ್ತು. ಅದನ್ನು ಚರ್ಮದ ಮೇಲೋ ಹಲಗೆಯ ಮೇಲೋ ಬರೆಸಿ ತೂಗುಹಾಕುವುದು ಮಾಲೀಕರ ಪಾಡು.

ಈಗ ದುಡ್ಡು ಕೊಡುವ ಮುಂಚಿನ ಕೆಲಸ. 1963ರ ಕಪ್ಪು ಪ್ಲೇಟುಗಳನ್ನು ಕ್ಯಾಲಿಫೋರ್ನಿಯಾ ಎಂದೂ ವಾಪಸ್ ತೆಗೆದುಕೊಳ್ಳಲಿಲ್ಲ. ಅಂದು ಕೊಟ್ಟ ಪ್ಲೇಟನ್ನು ನೋಂದಣಿ ತಪ್ಪಿಸದೆ ಉಳಿಸಿಕೊಂಡು ಬಂದವರು ಇವತ್ತೂ ಅದನ್ನೇ ಹಾಕಿಕೊಂಡು ಓಡಾಡುತ್ತಿದ್ದಾರೆ. ಹೀಗಾಗಿ ನೀವು ಕೊಳ್ಳಹೊರಟ ನಂಬರ್ ಡಿಎಂವಿಯ ಕಂಪ್ಯೂಟರಿನಲ್ಲಿ ಬೇರೊಬ್ಬರ ಕಾರಿನ ಹೆಸರಿನಲ್ಲಿ ಇನ್ನೂ ಜೀವಂತವಾಗಿರಬಹುದು. ಕಳವಾಗಿದೆ ಎಂದು ಯಾರೋ ದೂರು ಕೊಟ್ಟಿರಲೂಬಹುದು. ಎರಡರಲ್ಲಿ ಯಾವುದಾದರೂ ನಿಮಗೆ ಅದು ಸಿಗುವುದಿಲ್ಲ, ಪ್ಲೇಟು ಮನೆಯ ಗೋಡೆಗೆ ಅಲಂಕಾರವಾಗುತ್ತದೆ ಅಷ್ಟೇ. ಮಾರುವವರು ‘ಡಿಎಂವಿ ಕ್ಲಿಯರ್’ ಎಂದು ಜಾಹೀರಾತಿನಲ್ಲಿ ಬರೆಯುವುದು ಇದನ್ನೇ. ಆ ಮಾತನ್ನು ನಂಬಿ ಕೂರಬೇಡಿ. ನಂಬರ್ ಬರೆದುಕೊಂಡು ಹೋಗಿ ಡಿಎಂವಿ ಕೌಂಟರಿನಲ್ಲಿ ನೀವೇ ಕೇಳಿ, ಸಾಧ್ಯವಾದರೆ ನಂಬರ್ ತಿರಸ್ಕೃತವಾದರೆ ಹಣ ವಾಪಸ್ ಎಂದು ಮಾರುವವರಿಂದ ಬರೆಸಿಕೊಳ್ಳಿ.

ನಂಬರ್ ಖಾಲಿ ಇದೆ ಎಂದಾದರೆ ಉಳಿದದ್ದು ಸುಲಭ. ಹಿಂದೆ ಮುಂದೆ ಎರಡಕ್ಕೂ ಬೇಕು, ಹಾಗಾಗಿ ಜೋಡಿ ಕೊಳ್ಳುವುದೇ ಸರಿ. ಒಂಟಿ ಪ್ಲೇಟು ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ. ಹೊಸದಾಗಿ ಅಚ್ಚೊತ್ತಿದ ನಕಲು ನಡೆಯುವುದಿಲ್ಲ. ಪ್ಲೇಟುಗಳನ್ನು ಒಯ್ದು ತೋರಿಸಿ, ಅರ್ಜಿ ಕೊಟ್ಟು, 45 ಡಾಲರ್ ಕಟ್ಟಬೇಕು. ಆ ನಂಬರ್ ನಿಮ್ಮ ಕಾರಿನ ನೋಂದಣಿ ಕಾರ್ಡಿನಲ್ಲಿ ಬರುವವರೆಗೆ ಬಿಳಿ ಪ್ಲೇಟೇ ಇರಲಿ. ಭಾನುವಾರದ ಕಾರ್ ಶೋಗೆ ಎಂದು ಮೊದಲೇ ಕಪ್ಪು ಪ್ಲೇಟು ಸಿಕ್ಕಿಸಿಕೊಂಡು ರಸ್ತೆಗಿಳಿದರೆ ಅದು ಕಾನೂನಿನ ಕಣ್ಣಲ್ಲಿ ಬೇರೆ ಗಾಡಿಯ ಪ್ಲೇಟು ಹಾಕಿಕೊಂಡಂತೆಯೇ. ಸ್ಕ್ರೂ ತಿರುಗಿಸುವ ಮುಂಚಿನ ಕೆಲಸ ಎಂದೆನಲ್ಲ, ಇದೇ ಅದು.

ಇನ್ನು ಓಡಿಸುವ ಮಾತು. ಕ್ಯಾಲಿಫೋರ್ನಿಯಾದ ವೈಒಎಂ ಕಾರು ಪ್ರತಿವರ್ಷ ಎಲ್ಲರಂತೆ ಪೂರ್ತಿ ನೋಂದಣಿ ಶುಲ್ಕ ಕಟ್ಟುತ್ತದೆ. ರಿಯಾಯಿತಿ ಇಲ್ಲದ್ದರಿಂದ ಕಟ್ಟುಪಾಡೂ ಇಲ್ಲ. ದಿನಾ ಆಫೀಸಿಗೆ ಒಯ್ಯಿರಿ, ತರಕಾರಿ ತನ್ನಿ, ಯಾರೂ ಕೇಳುವುದಿಲ್ಲ. ಅದೇ ರಾಜ್ಯದಲ್ಲಿ ‘ಹಿಸ್ಟಾರಿಕಲ್ ವೆಹಿಕಲ್’ ಎಂಬ ಇನ್ನೊಂದು ವರ್ಗವಿದೆ. 25 ವರ್ಷ ದಾಟಿದ, ಐತಿಹಾಸಿಕ ಆಸಕ್ತಿಯ ಗಾಡಿಗೆ ಅದು ಸಿಗುತ್ತದೆ, ಶುಲ್ಕ ಕಡಿಮೆ. ಆದರೆ ಗಾಡಿ ರಸ್ತೆಗಿಳಿಯುವುದು ಮುಖ್ಯವಾಗಿ ಪ್ರದರ್ಶನ ಮತ್ತು ಅಂಥ ಉದ್ದೇಶಗಳಿಗೆ ಮಾತ್ರ ಎಂಬ ಷರತ್ತು ಬರುತ್ತದೆ. ಪ್ಲೇಟೂ ಹಳೆಯದಲ್ಲ, ಸರ್ಕಾರ ಕೊಡುವ ವಿಶೇಷ ಪ್ಲೇಟು. ವಾರಕ್ಕೆರಡು ಸಲವಾದರೂ ಸ್ಟೀರಿಂಗ್ ಹಿಡಿಯುವ ಆಸೆಯಿದ್ದರೆ ಆ ಉಳಿತಾಯದ ಹಿಂದೆ ಹೋಗಬೇಡಿ.

ಮೂರನೆಯದು ‘ಲೆಗಸಿ’ ಪ್ಲೇಟು. ಹಳೆಯ ಮೂರು ವಿನ್ಯಾಸಗಳನ್ನು ಮತ್ತೆ ತರಲು ರಾಜ್ಯ ಹೊರಟಾಗ ಪ್ರತಿಯೊಂದಕ್ಕೂ 7,500 ಮುಂಗಡ ಅರ್ಜಿ ಬರಬೇಕೆಂಬ ಷರತ್ತಿತ್ತು. ಗುರಿ ಮುಟ್ಟಿದ್ದು ಅರವತ್ತರ ದಶಕದ ಕಪ್ಪು ವಿನ್ಯಾಸ ಒಂದೇ. ಈಗ ಅದು ಟೆಸ್ಲಾದ ಹಿಂದೆಯೂ ಕಾಣುತ್ತದೆ, ಯಾವ ಕಾರಿಗಾದರೂ ಸಿಗುತ್ತದೆ. ನೋಡಲು ಹಳೆಯದರಂತೆಯೇ ಇದ್ದರೂ ಬೆಳಕು ಬಿದ್ದರೆ ಹೊಳೆಯುತ್ತದೆ. ನಂಬರ್ ಖಾಲಿ ಇದೆಯೇ ಎಂಬ ತಲೆನೋವಿಲ್ಲದೆ ಕಪ್ಪು ಬಣ್ಣ ಬೇಕೆನ್ನುವವರಿಗೆ ಸರಿ. 1966ರ ಮಸ್ಟಾಂಗ್‌ಗೆ ಅದನ್ನು ಹಾಕುವುದು ನನಗೆ ಒಗ್ಗದು, ಅದು ನನ್ನ ಹಟ.

ಹೊಗೆ ತಪಾಸಣೆಯ ಬಗ್ಗೆ ಒಂದು ಮಾತು. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಿಂದಿನ ಪೆಟ್ರೋಲ್ ಕಾರುಗಳಿಗೆ ಸ್ಮಾಗ್ ತಪಾಸಣೆ ಬೇಡ. ನಿಮ್ಮ ಕಾರಿಗೆ ವಿನಾಯಿತಿ ಸಿಕ್ಕಿರುವುದು ಅದರ ವಯಸ್ಸಿನಿಂದ, ಪ್ಲೇಟಿನಿಂದಲ್ಲ. 1978ರ ಕಾರಿಗೆ ನೀಲಿ ಪ್ಲೇಟು ಹಾಕಿದರೆ ತಪಾಸಣೆ ತಪ್ಪುತ್ತದೆ ಎಂದುಕೊಂಡವರಿದ್ದಾರೆ. ತಪ್ಪುವುದಿಲ್ಲ. ಪಕ್ಕದ ನೆವಾಡಾದಲ್ಲಿ ಮಾತ್ರ ಹಳೇ ಕಾರಿನ ಪ್ಲೇಟುಗಳೇ ತಪಾಸಣೆಯಿಂದ ಪಾರಾಗುವ ದಾರಿಯಾಗಿದ್ದವು. ಹಾಗಾಗಿ ಹೊಗೆಯುಗುಳುವ ಸಾಧಾರಣ ಹಳೇ ಗಾಡಿಗಳೆಲ್ಲ ‘ಕ್ಲಾಸಿಕ್’ ಆಗಿಬಿಟ್ಟವು. ಕೊನೆಗೆ ಆ ರಾಜ್ಯ ಕಾನೂನು ಬಿಗಿ ಮಾಡಿ, ಕ್ಲಾಸಿಕ್ ಕಾರಿನ ವಿಮೆ ತೋರಿಸಿದವರಿಗೆ ಮಾತ್ರ ಆ ವಿನಾಯಿತಿ ಎಂದು 2023ರಿಂದ ಜಾರಿಗೆ ತಂದಿತು.

ರಾಜ್ಯಗಳು ಓಡಾಟಕ್ಕೆ ಕಡಿವಾಣ ಹಾಕುವುದರ ಹಿಂದೆ ಈ ಭಯವೇ ಇದೆ. ಶುಲ್ಕ ಕಡಿಮೆ, ತಪಾಸಣೆ ಇಲ್ಲ ಅಥವಾ ಹಗುರ ಎಂದಮೇಲೆ ಜನ ಅದನ್ನೇ ದಿನಬಳಕೆಯ ಗಾಡಿ ಮಾಡಿಕೊಳ್ಳಬಾರದಲ್ಲ. ಅದನ್ನು ತಡೆಯುವ ಬಗೆ ಮಾತ್ರ ಒಂದೊಂದು ರಾಜ್ಯಕ್ಕೆ ಒಂದೊಂದು, ಕೆಲವನ್ನು ಓದಿದರೆ ನಗುವೇ ಬರುತ್ತದೆ. ನಿಮ್ಮ ಗೆಳೆಯನ ಪೆನ್ಸಿಲ್ವೇನಿಯಾದಲ್ಲಿ ಆಂಟಿಕ್ ಕಾರನ್ನು ಪ್ರದರ್ಶನ, ಮೆರವಣಿಗೆಗಳ ಹೊರತಾಗಿ ‘ಆಗೊಮ್ಮೆ ಈಗೊಮ್ಮೆ’ ಓಡಿಸಬಹುದು, ಆಗೊಮ್ಮೆ ಎಂದರೆ ವಾರಕ್ಕೆ ಒಂದು ದಿನ ಎಂದು ಬರೆದೇ ಇಟ್ಟಿದ್ದಾರೆ. ಮಿಷಿಗನ್‌ನಲ್ಲಿ ಹಿಸ್ಟಾರಿಕ್ ವರ್ಗದ ಕಾರು ವರ್ಷದ ಹನ್ನೊಂದು ತಿಂಗಳು ಕ್ಲಬ್ಬು, ಪ್ರದರ್ಶನ, ಮೆರವಣಿಗೆ ಎಂದಿರಬೇಕು, ಆಗಸ್ಟ್ ತಿಂಗಳಲ್ಲಿ ಮಾತ್ರ ಎಲ್ಲಿಗೆ ಬೇಕಾದರೂ ಹೋಗಬಹುದು. ವರ್ಜೀನಿಯಾದಲ್ಲಿ ಅಪರೂಪಕ್ಕೊಮ್ಮೆ ಸುಮ್ಮನೆ ಸುತ್ತಾಡಲು ಅಡ್ಡಿಯಿಲ್ಲ, ಮನೆಯಿಂದ 250 ಮೈಲಿ ದಾಟುವಂತಿಲ್ಲ, ಕೆಲಸಕ್ಕೆ ಒಯ್ಯುವಂತಿಲ್ಲ. ಇಲಿನಾಯ್‌ನ ಹೆಚ್ಚುವರಿ ಬಳಕೆಯ ಆಂಟಿಕ್ ವರ್ಗ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಧಾರಾಳಿ, ಹಿಮ ಬೀಳುವ ನವೆಂಬರ್‌ನಿಂದ ಮಾರ್ಚ್‌ವರೆಗೆ ಬಿಗಿ. ನಿಜ ಹೇಳಬೇಕೆಂದರೆ ಹಳೇ ಕಾರನ್ನು ಪ್ರೀತಿಸುವವರು ರಸ್ತೆಗೆ ಉಪ್ಪು ಸುರಿಯುವ ಆ ತಿಂಗಳುಗಳಲ್ಲಿ ಅದನ್ನು ಹೊರಗೇ ತೆಗೆಯುವುದಿಲ್ಲ.

ಇಲಿನಾಯ್‌ನ ಇನ್ನೊಂದು ಉದಾರತೆ ಹೇಳಲೇಬೇಕು. ಅಲ್ಲಿ ಆಂಟಿಕ್ ಕಾರಿಗೆ ಆ ವರ್ಷದ ಪ್ಲೇಟನ್ನೋ, ಆ ವರ್ಷವನ್ನು ಬಿಂಬಿಸುವ ಪ್ಲೇಟನ್ನೋ ಹಾಕಬಹುದು. ಈಗಿನ ಚಾಲ್ತಿ ಪ್ಲೇಟನ್ನೂ ನೋಂದಣಿ ಕಾರ್ಡನ್ನೂ ಕಾರಿನೊಳಗೆ ಇಟ್ಟುಕೊಂಡು ಕೇಳಿದಾಗ ತೋರಿಸಿದರೆ ಸಾಕು. ಡೇಟಾಬೇಸಿನಲ್ಲಿ ಇರುವುದು ಒಳಗಿನ ಪ್ಲೇಟು, ಹೊರಗಿನದು ನೋಟಕ್ಕೆ. ಕ್ಯಾಲಿಫೋರ್ನಿಯಾ ಹಾಗಲ್ಲ, ಹೊರಗಿನ ಹಳೇ ಪ್ಲೇಟೇ ಅಧಿಕೃತ ನಂಬರ್ ಆಗುತ್ತದೆ. ಹಾಗಾಗಿಯೇ ಅಲ್ಲಿ ಅಷ್ಟು ತಡಕಾಟ. ಅದೇ ಇಲಿನಾಯ್ ಎರಡನೇ ಮಹಾಯುದ್ಧದಲ್ಲಿ ಲೋಹ ಉಳಿಸಲು ಸೋಯಾಬೀನ್ ನಾರಿನ ಹಲಗೆಯಿಂದ ಪ್ಲೇಟು ಮಾಡಿತ್ತು. ನಾಯಿಗಳೂ ದನಗಳೂ ಅದನ್ನು ಮೆಲ್ಲುತ್ತಿದ್ದವೆಂದು ಹೇಳುತ್ತಾರೆ. ತಮಾಷೆಯೆಂದರೆ 1942ರ ಫೆಬ್ರುವರಿಯಲ್ಲೇ ಅಮೆರಿಕದ ಕಾರ್ಖಾನೆಗಳು ಜನಬಳಕೆಯ ಕಾರು ಮಾಡುವುದನ್ನು ನಿಲ್ಲಿಸಿದ್ದವು. ಹಾಗಾಗಿ 1943ರ ಪ್ಲೇಟು ಜೋಪಾನವಾಗಿ ಉಳಿದಿದ್ದರೂ ಅದಕ್ಕೆ ಒಪ್ಪುವ 1943ರ ಕಾರೇ ಹುಟ್ಟಿರಲಿಲ್ಲ.

ಟೆಕ್ಸಸ್‌ಗೆ ಹೋದರೆ ನಿಮ್ಮ ಕಪ್ಪು ಪ್ಲೇಟು ಜೊತೆಗೆ ಬರುವುದಿಲ್ಲ. ವೈಒಎಂ ಎಂಬುದು ಎಲ್ಲ ಕಡೆಯೂ ಆಯಾ ರಾಜ್ಯದ ಪ್ಲೇಟಿಗಷ್ಟೇ. ಅಲ್ಲಿ ನೆಲೆಸಿದ 30 ದಿನದೊಳಗೆ ಕಾರನ್ನು ಆ ರಾಜ್ಯದಲ್ಲಿ ನೋಂದಾಯಿಸಬೇಕು, ಆಮೇಲೆ ಟೆಕ್ಸಸ್‌ನದೇ ಹಳೇ ಪ್ಲೇಟು ಹುಡುಕಬೇಕು. ಅರವತ್ತರ ದಶಕದಲ್ಲಿ ಟೆಕ್ಸಸ್ ವರ್ಷಕ್ಕೊಂದು ಹೊಸ ಪ್ಲೇಟು ಅಚ್ಚೊತ್ತುತ್ತಿತ್ತು. ಹೀಗಾಗಿ ನಿಮಗೆ ಬೇಕಾದ್ದು 1966 ಎಂದು ಉಬ್ಬಚ್ಚಿರುವ ಪ್ಲೇಟೇ, 1965ರದ್ದು ಆಗದು. ಸಮಾಧಾನವೆಂದರೆ ಒಂದೇ ವರ್ಷದ ಲಕ್ಷಾಂತರ ಪ್ಲೇಟುಗಳು ಆಗ ಕಸಕ್ಕೆ, ಕೊಟ್ಟಿಗೆಗೆ ಹೋಗಿದ್ದರಿಂದ ಅವು ಸಿಗುವುದು ಅಷ್ಟೇನೂ ಕಷ್ಟವಲ್ಲ.

ಟೆಕ್ಸಸ್‌ನಲ್ಲಿ ಎಚ್ಚರ ಬೇಕಾದ ಕಡೆ ಒಂದಿದೆ. 25 ವರ್ಷ ದಾಟಿದ ಕಾರಿಗೆ ಅಲ್ಲಿ ‘ಆಂಟಿಕ್’ ಮತ್ತು ‘ಕ್ಲಾಸಿಕ್’ ಎಂಬ ಎರಡು ವರ್ಗ, ಎರಡಕ್ಕೂ ಹಳೇ ವರ್ಷದ ಪ್ಲೇಟು ಹಾಕಬಹುದು. ಆಂಟಿಕ್ ಅಗ್ಗ, 1921ರ ಈಚಿನ ಕಾರಿಗೆ ಐದು ವರ್ಷಕ್ಕೆ 50 ಡಾಲರ್. ಆದರೆ ಪ್ರದರ್ಶನ, ಕ್ಲಬ್ ಕಾರ್ಯಕ್ರಮ, ಮೆರವಣಿಗೆ, ಇಂಥವಕ್ಕೆ ಮಾತ್ರ. ಕ್ಲಾಸಿಕ್‌ಗೆ ವರ್ಷ ವರ್ಷ ಮಾಮೂಲಿ ನೋಂದಣಿ ಶುಲ್ಕದ ಮೇಲೆ ಇನ್ನಷ್ಟು ಕಟ್ಟಬೇಕು, ಓಡಾಟಕ್ಕೆ ತಡೆಯಿಲ್ಲ. ಎರಡರ ಹೆಸರೂ ಹಳತೆಂದೇ ಸೂಚಿಸುವುದರಿಂದ ಜನ ಕೌಂಟರಿನಲ್ಲಿ ಅಗ್ಗದ್ದಕ್ಕೆ ಟಿಕ್ ಹಾಕಿ ಬರುತ್ತಾರೆ. ಆಫೀಸಿನ ಪಾರ್ಕಿಂಗಿನಲ್ಲಿ ಕಾರು ದಿನಾ ನಿಂತಿರುವಾಗ ಪೊಲೀಸರು ಕೇಳಿದರೆ ಉತ್ತರವಿರುವುದಿಲ್ಲ. ನೀವು ಓಡಿಸುವವರಾದರೆ ಕ್ಲಾಸಿಕ್ ಎನ್ನಿ.

ರಾಜ್ಯ ದಾಟಿ ಪ್ರವಾಸ ಹೋಗುವುದಕ್ಕೆ ಅಡ್ಡಿಯಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸಿಂಧುವಾದ ನೋಂದಣಿಯನ್ನು ಒರೆಗಾನ್, ನೆವಾಡಾಗಳು ಮಾನ್ಯ ಮಾಡುತ್ತವೆ. ಆದರೆ ಬೇರೆ ರಾಜ್ಯದ ಎಳೆಯ ಪೊಲೀಸ್ ಅಧಿಕಾರಿ ಇಂಥ ಪ್ಲೇಟನ್ನು ನೋಡಿಯೇ ಇರದಿರಬಹುದು. ನಂಬರ್ ನಮೂದಾಗಿರುವ ನೋಂದಣಿ ಕಾರ್ಡು ಕೈಗೆಟಕುವಂತೆ ಇಟ್ಟುಕೊಳ್ಳಿ. ಚಾಲ್ತಿ ವರ್ಷದ ಸ್ಟಿಕ್ಕರ್ ಅಂಟಿಸಲು ಮರೆಯಬೇಡಿ. ಗೋಲ್ಡನ್ ಗೇಟ್ ಸೇತುವೆಯಲ್ಲಿ 2013ರಿಂದ ನಗದು ಕೌಂಟರೇ ಇಲ್ಲ, ಎಲ್ಲವೂ ಕ್ಯಾಮೆರಾ ಮತ್ತು ಫಾಸ್‌ಟ್ರಾಕ್ (ನಮ್ಮ ಫಾಸ್ಟ್‌ಟ್ಯಾಗ್‌ನಂತೆ ಟೋಲ್ ತಾನಾಗಿ ಕಡಿತವಾಗುವ ಖಾತೆ). ಅಲ್ಲಿ ಹೋಗುವ ಮುಂಚೆ ಹೊಸ ನಂಬರನ್ನು ನಿಮ್ಮ ಫಾಸ್‌ಟ್ರಾಕ್ ಖಾತೆಗೆ ಸೇರಿಸಿ, ಬಿಳಿ ಪ್ಲೇಟಿನ ನಂಬರ್ ತೆಗೆಸಿ. ವಿಮೆಯವರಿಗೂ ತಿಳಿಸಿ. ಹಳೇ ಕಾರಿಗೆಂದೇ ಕೊಡುವ ಪಾಲಿಸಿಗಳಲ್ಲಿ ಎಷ್ಟು ಓಡಿಸಬಹುದೆಂಬ ಮಿತಿ ಬೇರೆಯೇ ಇರುತ್ತದೆ. ಡಿಎಂವಿ ಬಿಟ್ಟರೂ ಅದು ಬಿಡದು.

ಕೊಳ್ಳುವಾಗ ಅಕ್ಷರಗಳು ದೂರದಿಂದ ಓದುವಂತಿವೆಯೇ, ತುಕ್ಕು ತಗಡನ್ನು ತಿಂದಿದೆಯೇ, ಎರಡರಲ್ಲೂ ಒಂದೇ ನಂಬರ್ ಇದೆಯೇ ನೋಡಿ. ಕೊನೆಯದು ಹಾಸ್ಯವಲ್ಲ, 3 ಮತ್ತು 8 ಬಣ್ಣ ಮಾಸಿದಾಗ ಅವಳಿಗಳಂತಿರುತ್ತವೆ. ಅಷ್ಟಕ್ಕೂ ಮುಂಚೆ ಇನ್ನೊಂದು: ನಿಮ್ಮ ಮಸ್ಟಾಂಗ್ ಹುಟ್ಟಿನಿಂದ ಕ್ಯಾಲಿಫೋರ್ನಿಯಾದ್ದಾಗಿದ್ದರೆ ಅದರದೇ ಕಪ್ಪು ಪ್ಲೇಟು ಹಿಂದಿನ ಮಾಲೀಕರ ಗ್ಯಾರೇಜಿನ ಗೋಡೆಯಲ್ಲಿ ತೂಗುತ್ತಿರಬಹುದು. ಒಂದು ಫೋನ್ ಮಾಡಿ ಕೇಳಿ. ಸಂತೆಯಲ್ಲಿ ಕೊಂಡ ಯಾವ ನಂಬರೂ ಅದಕ್ಕೆ ಸಮವಲ್ಲ.

ನಂಬರಿನ ಹುಚ್ಚು ಎಲ್ಲಿಗೆ ಹೋಗಬಲ್ಲದು ಎಂಬುದಕ್ಕೆ ಡೆಲಾವೇರ್ ನೋಡಬೇಕು. ಆ ಪುಟ್ಟ ರಾಜ್ಯದಲ್ಲಿ ಸಣ್ಣ ಅಂಕಿಯ ಪ್ಲೇಟು ಮನೆತನದ ಆಸ್ತಿ. 2008ರಲ್ಲಿ 6 ಎಂಬ ಒಂದೇ ಅಂಕಿಯ ಪ್ಲೇಟು 6,75,000 ಡಾಲರಿಗೆ ಹರಾಜಾಯಿತು. ಅದಕ್ಕೆ ಹೋಲಿಸಿದರೆ ನಿಮ್ಮದು ಬಡವರ ಹವ್ಯಾಸ.

ಇನ್ನು ತಾತನ ಫಿಯಟ್. ‘ಎಂವೈ’ ಎಂದು ಶುರುವಾಗುವ ನಂಬರ್ ಮೈಸೂರು ರಾಜ್ಯದ ಕಾಲದ್ದು, 1973ರಲ್ಲಿ ಕರ್ನಾಟಕ ಎಂದು ಹೆಸರಾಗುವ ಮುಂಚಿನದು. ಈಗಿನ ‘ಕೆಎ’ ಸರಣಿ ಬಂದದ್ದು 1989ರಲ್ಲಿ. ಕೇಂದ್ರ ಸಾರಿಗೆ ಸಚಿವಾಲಯ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳಿಗೆಂದೇ ನಿಯಮ ಹೊರಡಿಸಿತು. 50 ವರ್ಷ ದಾಟಿದ ಸ್ವಂತ ಬಳಕೆಯ ಗಾಡಿಗಳು ಅದರ ವ್ಯಾಪ್ತಿಗೆ ಬರುತ್ತವೆ. ಈಗಾಗಲೇ ನೋಂದಣಿಯಾಗಿರುವ ಗಾಡಿ ತನ್ನ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಹೊಸದಾಗಿ ನೋಂದಣಿಯಾಗುವವಕ್ಕೆ ರಾಜ್ಯದ ಅಕ್ಷರಗಳ ಪಕ್ಕ ‘ವಿಎ’ ಎಂದಿರುವ ಸರಣಿ. ಹೊಸ ನೋಂದಣಿಗೆ 20,000 ರೂಪಾಯಿ, ಅದು 10 ವರ್ಷಕ್ಕೆ, ಆಮೇಲಿನ ನವೀಕರಣಕ್ಕೆ 5,000. ಅರ್ಜಿ ಪರಿವಾಹನ್ ಪೋರ್ಟಲ್ ಮೂಲಕ, ಹಳೇ ಆರ್‌ಸಿ ಮತ್ತು ವಿಮೆ ಜೊತೆಗಿರಬೇಕು.

ಇಲ್ಲೂ ಕೊಡು-ಕೊಳ್ಳು ಅದೇ. ವಿಂಟೇಜ್ ಎಂದು ಬರೆಸಿಕೊಂಡ ಗಾಡಿ ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ತುಂಬಿಸುವುದು, ಇಂಥವಕ್ಕೆ ರಸ್ತೆಗಿಳಿಯಬಹುದು, ದಿನನಿತ್ಯದ ಓಡಾಟಕ್ಕಿಲ್ಲ. ಊರಿಗೆ ಬಂದಾಗಲೆಲ್ಲ ಮನೆಮಂದಿಯನ್ನು ಕೂರಿಸಿಕೊಂಡು ನಂಜನಗೂಡಿಗೆ ಹೋಗಿಬರುವ ಆಸೆಯಿದ್ದರೆ, ಆರ್‌ಸಿ ಇನ್ನೂ ಜೀವಂತವಿದೆಯೇ ಎಂದು ಮೊದಲು ನೋಡಿ, ಇದ್ದರೆ ಮಾಮೂಲಿ ನೋಂದಣಿಯನ್ನೇ ನವೀಕರಿಸಿಕೊಂಡು ಹೋಗುವುದು ಮೇಲು. ವಿಂಟೇಜ್ ದಾರಿಯೇ ಬೇಕೆಂದರೆ ಗಾಡಿ ಮೂಲ ರೂಪದಲ್ಲಿರಬೇಕು, ಛಾಸಿ, ಬಾಡಿ, ಎಂಜಿನ್ ಬದಲಾಗಿರಬಾರದು. ಆ ಕಾಲದಲ್ಲಿ ಅಂಬಾಸಿಡರ್‌ಗೂ ಫಿಯಟ್‌ಗೂ ಪೆಟ್ರೋಲ್ ಎಂಜಿನ್ ಕಿತ್ತು ಡೀಸೆಲ್ ಎಂಜಿನ್ ಕೂರಿಸುವುದು ಮನೆಮಾತಾಗಿತ್ತು. ಆದ್ದರಿಂದ ಅರ್ಜಿಗೆ ಮುಂಚೆ ಮನೆಯಲ್ಲಿರುವವರಿಗೆ ಹೇಳಿ ಬಾನೆಟ್ ಎತ್ತಿಸಿ, ಎಂಜಿನ್ ನಂಬರಿನ ಫೋಟೋ ತರಿಸಿಕೊಂಡು, ಆರ್‌ಸಿಯಲ್ಲಿರುವ ನಂಬರಿಗೆ ತಾಳೆ ನೋಡಿ.